ಅಳು ನಿಲ್ಲಿಸಿದ ಮಗು

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ 2ರಿಂದ 4. ಸೇಂಟ್ ಬಾರ್ತಲೋಮ್ಯೂಸ್‌ನಲ್ಲಿ ಬುಧವಾರ 2ರಿಂದ ಮೂರೂವರೆ. ಸೇಂಟ್ ಥಾಮಸ್‌ನಲ್ಲಿ ಮೊದಲ ತಿಂಗಳು ಭೇಟಿ ಇಲ್ಲ. ಸಂಜೆ 7ರಿಂದ 8ರೊಳಗೆ ಬಂದರೆ ಮಗು ನಿದ್ದೆ ಮಾಡುತ್ತಿರುವುದನ್ನು ನೋಡಿಕೊಂಡು ಹೋಗಬಹುದು. ಲಂಡನ್ ಹಾಸ್ಪಿಟಲ್‌ನಲ್ಲಿ ಮೂರು ವರ್ಷದೊಳಗಿನ ಮಗುವಾದರೆ ಅಡ್ಡಗೋಡೆಯ ಆಚೆ ನಿಂತು ನೋಡಬಹುದು, ಹತ್ತಿರ ಹೋಗುವಂತಿಲ್ಲ. ವೆಸ್ಟ್ ಲಂಡನ್ ಆಸ್ಪತ್ರೆಯಲ್ಲಿ ಅದೂ ಇಲ್ಲ. ವಾರ್ಡಿನಲ್ಲಿರುವ ತಮ್ಮ ಮಗುವನ್ನು ನೋಡಲು ಅಪ್ಪ ಅಮ್ಮಂದಿರಿಗೆ 1949ರಲ್ಲಿ ಇದ್ದ ಅವಕಾಶ ಇಷ್ಟು. ಟಾನ್ಸಿಲ್ ತೆಗೆಸಿಕೊಳ್ಳಲು ಬಂದ ಮಗುವಿಗೂ ಇದೇ, ಕ್ಷಯಕ್ಕೆ ತಿಂಗಳುಗಟ್ಟಲೆ ಮಲಗಿದ ಮಗುವಿಗೂ ಇದೇ.

ಇಂದು ಓದಿದರೆ ಜೈಲಿನ ವೇಳಾಪಟ್ಟಿ ಅನ್ನಿಸುತ್ತದೆ. ಆದರೆ ಅದನ್ನು ಬರೆದವರು ಕಟುಕರೇನಲ್ಲ. ಪೆನಿಸಿಲಿನ್ ಬರುವ ಮುಂಚಿನ ದಶಕಗಳಲ್ಲಿ ಡಿಫ್ತೀರಿಯಾ, ಸ್ಕಾರ್ಲೆಟ್ ಜ್ವರದಂಥವು ವಾರ್ಡಿಗೆ ಒಮ್ಮೆ ಹೊಕ್ಕರೆ ಮಂಚದಿಂದ ಮಂಚಕ್ಕೆ ಹರಿದು ಮಕ್ಕಳನ್ನು ಕೊಂದುಹಾಕುತ್ತಿದ್ದವು. ಹೊರಗಿನವರು ಬಂದಷ್ಟೂ ಅಪಾಯ ಎಂಬ ಭಯಕ್ಕೆ ಅರ್ಥವಿತ್ತು. ಸೋಂಕಿನ ಭಯ ಕಡಿಮೆಯಾದ ಮೇಲೂ ನಿಯಮ ಉಳಿದದ್ದು ಇನ್ನೊಂದು ಕಾರಣಕ್ಕೆ. ಅಮ್ಮ ಬಂದು ಹೋದ ದಿನ ವಾರ್ಡು ತುಂಬ ಅಳು. ಬರದೇ ಇದ್ದರೆ ಮಗು ಒಂದೆರಡು ದಿನ ರಚ್ಚೆ ಹಿಡಿದು, ಆಮೇಲೆ ತಾನಾಗಿ ಸುಮ್ಮನಾಗುತ್ತದೆ. ಔಷಧಿ ಕೊಟ್ಟರೆ ಕುಡಿಯುತ್ತದೆ, ಸೂಜಿ ಚುಚ್ಚಿದರೂ ಹೆಚ್ಚು ಗಲಾಟೆ ಮಾಡುವುದಿಲ್ಲ. ಇದನ್ನು ನರ್ಸುಗಳು ದಿನಾ ನೋಡುತ್ತಿದ್ದರು. ನೋಡಿದ್ದು ಸುಳ್ಳಲ್ಲ. ಸುಮ್ಮನಾದ ಮಗು ಹೊಂದಿಕೊಂಡ ಮಗು ಎಂದು ಅರ್ಥ ಮಾಡಿಕೊಂಡದ್ದು ತಪ್ಪಾಗಿತ್ತು. ಆ ತಪ್ಪು ತಿದ್ದಲು ಹಿಡಿದ ಕಾಲ, ತಿದ್ದಿದ ಬಗೆ ಎರಡೂ ವಿಜ್ಞಾನದ ಚರಿತ್ರೆಯಲ್ಲಿ ವಿಚಿತ್ರವಾದವು. ಇಲ್ಲಿ ಸಾಕ್ಷ್ಯ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ. ಒಬ್ಬ ಮನುಷ್ಯ ಮಗುವಿನ ಮಂಚದ ಪಕ್ಕ ಸುಮ್ಮನೆ ಕೂತು ನೋಡಿದ್ದರಿಂದ.

ಆ ಕಾಲದ ಗಾಳಿಯೂ ಹಾಗೇ ಬೀಸುತ್ತಿತ್ತು. ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ 1928ರಲ್ಲಿ ಬರೆದ ಮಕ್ಕಳ ಪಾಲನೆಯ ಪುಸ್ತಕದಲ್ಲಿ ತಾಯಿಯ ಅತಿಪ್ರೀತಿ ಅಪಾಯಕಾರಿ ಎಂದು ಎಚ್ಚರಿಸಿ, ಮಕ್ಕಳನ್ನು ಅಪ್ಪಿ ಮುದ್ದಾಡುವ ಬದಲು ಬೆಳಗ್ಗೆ ಕೈ ಕುಲುಕಿದರೆ ಸಾಕು ಎಂದು ಸಲಹೆ ಕೊಟ್ಟಿದ್ದರು. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಗಾಳಿಗೆ ಎದುರು ನಡೆದವರೂ ಇದ್ದರು ಅನ್ನಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು 1920ರ ದಶಕದಿಂದಲೇ ಕಾಯಿಲೆಯ ಕೂಸಿನ ಜೊತೆ ತಾಯಿಯನ್ನೂ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿದ್ದರು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಹ್ಯಾರಿ ಬ್ಯಾಕ್‌ವಿನ್ ಅವರು, ಒಳಗೆ ಬರುವ ಮುನ್ನ ಎರಡು ಸಲ ಕೈ ತೊಳೆಯಿರಿ ಎಂಬ ಫಲಕವನ್ನು ತೆಗೆಸಿ, ಒಂದು ಕೂಸನ್ನಾದರೂ ಎತ್ತಿಕೊಳ್ಳದೆ ಇಲ್ಲಿಗೆ ಬರಬೇಡಿ ಎಂಬ ಅರ್ಥದ ಫಲಕ ಹಾಕಿಸಿದರು. ಸೋಂಕು ಹೆಚ್ಚುವ ಬದಲು ಕಡಿಮೆಯಾಯಿತೆಂದು ಅವರು ದಾಖಲಿಸಿದರು. ಬೇರೆ ಆಸ್ಪತ್ರೆಗಳು ಇದನ್ನು ಒಬ್ಬ ಒಳ್ಳೆಯ ಮನುಷ್ಯನ ಖಯಾಲಿ ಎಂಬಂತೆ ನೋಡಿ ಸುಮ್ಮನಾದವು.

ಮಂಚದ ಪಕ್ಕ ಕೂತು ನೋಡಿದ ಆ ಮನುಷ್ಯ ಜೇಮ್ಸ್ ರಾಬರ್ಟ್‌ಸನ್. ಅವರು ವೈದ್ಯರಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ಬಳಿಯ ಕಾರ್ಮಿಕ ಕುಟುಂಬದವರು. ಯುದ್ಧದ ನಡುವೆ, 1941ರಲ್ಲಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಸಿಗ್ಮಂಡ್ ಫ್ರಾಯ್ಡರ ಮಗಳು ಅನ್ನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುಗೃಹದಲ್ಲಿ ಅವರಿಗೆ ಕೆಲಸ ಸಿಕ್ಕಿತು. ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು, ಕಿಟಕಿ ಬಾಗಿಲು ರಿಪೇರಿ ಮಾಡುವುದು. ಬಾಂಬು ದಾಳಿಯಿಂದ ಮನೆ ಕಳೆದುಕೊಂಡ, ತಾಯಿ ಕಾರ್ಖಾನೆ ಕೆಲಸಕ್ಕೆ ಹೋಗಬೇಕಾಗಿ ಬಂದ ಮಕ್ಕಳು ಅಲ್ಲಿದ್ದರು. ಅನ್ನಾ ಫ್ರಾಯ್ಡ್ ಒಂದು ಕಟ್ಟಳೆ ಮಾಡಿದ್ದರು: ನರ್ಸಿರಲಿ, ಬಾಯ್ಲರ್ ನೋಡಿಕೊಳ್ಳುವವನಿರಲಿ, ಮಕ್ಕಳಲ್ಲಿ ತಾನು ಕಂಡದ್ದನ್ನು ಪ್ರತಿಯೊಬ್ಬರೂ ಒಂದು ಕಾರ್ಡಿನ ಮೇಲೆ ಬರೆದಿಡಬೇಕು. ತನಗನ್ನಿಸಿದ್ದನ್ನಲ್ಲ, ಕಂಡದ್ದನ್ನು. ಕಲ್ಲಿದ್ದಲ ಕೈಯಲ್ಲಿ ಬರೆದ ಆ ಕಾರ್ಡುಗಳೇ ರಾಬರ್ಟ್‌ಸನ್ನರ ವಿಶ್ವವಿದ್ಯಾಲಯ. ಅವರ ಹೆಂಡತಿ ಜಾಯ್ಸ್ ಕೂಡ ಅಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು.

ಯುದ್ಧ ಮುಗಿದ ಮೇಲೆ ಸಮಾಜಕಾರ್ಯದ ತರಬೇತಿ ಪಡೆದು, 1948ರಲ್ಲಿ ಅವರು ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮನೋವೈದ್ಯ ಜಾನ್ ಬೌಲ್ಬಿಯವರ ತಂಡ ಸೇರಿದರು. ತಾಯಿಯಿಂದ ದೂರವಾದ ಮಗುವಿಗೆ ಏನಾಗುತ್ತದೆ ಎಂಬುದೇ ಬೌಲ್ಬಿಯವರ ಪ್ರಶ್ನೆ. ಅದನ್ನು ನೋಡಲು ರಾಬರ್ಟ್‌ಸನ್ ಸೆಂಟ್ರಲ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಿ ಕೂರತೊಡಗಿದರು. ಡಾಕ್ಟರು ರೌಂಡ್ಸ್ ಮುಗಿಸಿ ಹೋಗುತ್ತಾರೆ, ನರ್ಸು ಕೆಲಸ ಮುಗಿಸಿ ಮುಂದಿನ ಮಂಚಕ್ಕೆ ಹೋಗುತ್ತಾಳೆ. ಇಡೀ ಹೊತ್ತು ಒಂದೇ ಮಗುವನ್ನು ನೋಡುತ್ತ ಕೂತವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಸುಮಾರು ಆರು ತಿಂಗಳಿಂದ ನಾಲ್ಕು ವರ್ಷದ ನಡುವಿನ ಮಕ್ಕಳಲ್ಲಿ ಅವರಿಗೆ ಒಂದು ಕ್ರಮ ಕಾಣಿಸಿತು. ಮೊದಲನೆಯದು ಪ್ರತಿಭಟನೆ. ಮಗು ಕಿರುಚುತ್ತದೆ, ಮಂಚದ ಕಂಬಿ ಅಲ್ಲಾಡಿಸುತ್ತದೆ, ಹೆಜ್ಜೆ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತದೆ. ಎತ್ತಿಕೊಳ್ಳಲು ಬಂದ ನರ್ಸನ್ನು ಒದೆಯುತ್ತದೆ. ಕೆಲವು ಗಂಟೆಯಿಂದ ಕೆಲವು ದಿನಗಳವರೆಗೆ ಇದು ನಡೆಯಬಹುದು. ಆಮೇಲೆ ಬರುವುದು ಹತಾಶೆ. ಅಳು ಸಣ್ಣದಾಗುತ್ತದೆ, ಆಗೊಮ್ಮೆ ಈಗೊಮ್ಮೆ ಬಿಕ್ಕು. ಊಟ ಅಷ್ಟಕ್ಕಷ್ಟೆ. ಕೈಗೆ ಆಟಿಕೆ ಕೊಟ್ಟರೆ ಹಿಡಿದುಕೊಂಡಿರುತ್ತದೆ, ಆಡುವುದಿಲ್ಲ. ವಾರ್ಡಿನವರು 'ಒಗ್ಗಿಕೊಳ್ಳುತ್ತಿದೆ' ಎಂದು ಬರೆದುಕೊಳ್ಳುತ್ತಿದ್ದದ್ದು ಈ ಹಂತವನ್ನು. ದೊಡ್ಡವರೊಬ್ಬರು ಹೀಗೆ ಗೋಡೆ ನೋಡುತ್ತ ಮಲಗಿದ್ದರೆ ಅದೇ ವೈದ್ಯರು ಖಿನ್ನತೆ ಎನ್ನುತ್ತಿದ್ದರು. ಎರಡು ವರ್ಷದ ಮಗುವಿಗೆ ಅಂಥದ್ದೊಂದು ಆಗಬಹುದೆಂಬ ಕಲ್ಪನೆಯೇ ಅವರಿಗಿರಲಿಲ್ಲ.

ಮೂರನೆಯದು ಇನ್ನೂ ಮೋಸದ ಹಂತ. ದಿನಗಳು ಕಳೆದಂತೆ ಮಗು ಗೆಲುವಾಗುತ್ತದೆ. ನರ್ಸುಗಳನ್ನು ನೋಡಿ ನಗುತ್ತದೆ, ಸಿಹಿ ತಿನ್ನುತ್ತದೆ. ಭಾನುವಾರ ಅಮ್ಮ ಬಂದರೆ ಅವಳ ಕೈಚೀಲದಲ್ಲಿ ಏನಿದೆ ಎಂದು ನೋಡುತ್ತದೆ, ಅವಳ ಮುಖ ನೋಡುವುದಿಲ್ಲ. ಅವಳು ಹೊರಟಾಗ ಅಳುವುದೂ ಇಲ್ಲ. ವಾರ್ಡಿಗೆ ಇದಕ್ಕಿಂತ ಒಳ್ಳೆಯ ಮಗು ಬೇಕೆ? ರಾಬರ್ಟ್‌ಸನ್ ಇದನ್ನು ಮೊದಲು ನಿರಾಕರಣೆ ಎಂದರು. ಮುಂದೆ ಬೌಲ್ಬಿ ಬಳಗದಲ್ಲಿ ವಿಮುಖತೆ ಎಂಬ ಅರ್ಥದ ಹೆಸರು ನಿಂತಿತು. ತಡೆಯಲಾಗದ ನೋವನ್ನು ಮಗು ಒಳಗೆಲ್ಲೋ ತಳ್ಳಿ ಬಾಗಿಲು ಹಾಕಿಕೊಂಡಿದೆ ಎಂಬುದು ಅವರ ವಿವರಣೆ. ಮನೆಗೆ ಹೋದ ಮೇಲೆ ಆ ಬಾಗಿಲು ತೆರೆಯುತ್ತಿತ್ತು. ರಾತ್ರಿ ಬೆಚ್ಚಿಬೀಳುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಅಮ್ಮ ಬಚ್ಚಲಿಗೆ ಹೋದರೂ ಹಿಂದೆಯೇ ಓಡುವುದು, ಕಾರಣವಿಲ್ಲದೆ ಅವಳಿಗೇ ಹೊಡೆಯುವುದು. ಅದನ್ನೆಲ್ಲ ಕಾಣಬೇಕಾದವರು ತಾಯಂದಿರು. ಆಸ್ಪತ್ರೆಗೆ ಕಂಡದ್ದು ನಗುನಗುತ್ತ ಡಿಸ್ಚಾರ್ಜ್ ಆದ ಮಗು.

ರಾಬರ್ಟ್‌ಸನ್ ಇದನ್ನು ಹೇಳಿದರೆ ವೈದ್ಯರು ನಂಬಲಿಲ್ಲ. ಮಾತಿನಿಂದ ಆಗದ್ದನ್ನು ಕಣ್ಣಿಗೇ ತೋರಿಸೋಣ ಎಂದು ಅವರು ಒಂದು ಸಿನಿಮಾ ಕ್ಯಾಮೆರಾ ಸಂಪಾದಿಸಿದರು. ಚಿತ್ರೀಕರಣದ ಅನುಭವ ಅವರಿಗೆ ಇರಲಿಲ್ಲವೆಂದೇ ಹೇಳಬಹುದು. ಅಳುವ ಮಗುವನ್ನು ಹುಡುಕಿ ಆರಿಸಿದರು ಎಂಬ ಮಾತು ಬರಬಾರದೆಂದು ಆಪರೇಷನ್‌ಗೆ ಕಾಯುತ್ತಿದ್ದ ಮಕ್ಕಳ ಪಟ್ಟಿಯಿಂದ ಒಂದು ಹೆಸರನ್ನು ಕಣ್ಣುಮುಚ್ಚಿ ಎತ್ತಿದಂತೆ ಎತ್ತಿಕೊಂಡರು. ಅಳುವ ಗಳಿಗೆಗಳನ್ನಷ್ಟೇ ಹಿಡಿದರು ಎನ್ನಬಾರದೆಂದು ದಿನಕ್ಕೆ ಎರಡು ನಿಗದಿತ ಹೊತ್ತಿನಲ್ಲಿ ಚಿತ್ರೀಕರಿಸಿದರು, ಗೋಡೆ ಗಡಿಯಾರ ಚಿತ್ರದಲ್ಲಿ ಕಾಣುವಂತೆ ನೋಡಿಕೊಂಡರು. ಆರಿಸಿ ಬಂದ ಮಗು ಲಾರಾ: ಎರಡು ವರ್ಷ ಐದು ತಿಂಗಳು, ಹೊಕ್ಕುಳ ಹರ್ನಿಯಾದ ಆಪರೇಷನ್, ಎಂಟು ದಿನದ ವಾಸ. ಮೊದಲ ದಿನವೇ ರಾಬರ್ಟ್‌ಸನ್ನರಿಗೆ ನಿರಾಸೆಯಾಯಿತು. ಲಾರಾ ಅಳುವ ಜಾಯಮಾನದವಳೇ ಅಲ್ಲ. ವಯಸ್ಸಿಗೆ ಮೀರಿದ ಬಿಗಿ, ಅಪರೂಪದ ಗಾಂಭೀರ್ಯ.

ಆ ಬಿಗಿಯೇ ಕೊನೆಗೆ ಚಿತ್ರದ ಬಲವಾಯಿತು. ಲಾರಾ ತನ್ನ ಕರಡಿ ಗೊಂಬೆಯನ್ನೂ ಮನೆಯಿಂದ ತಂದ ಕಂಬಳಿ ತುಂಡನ್ನೂ ಹಿಡಿದು ಕೂತಿರುತ್ತಾಳೆ. ಮುಖ ಸಪ್ಪಗಿದೆ, ಅಳುವುದಿಲ್ಲ. ಮಾತಾಡಿಸಿದರೆ ಮಾತಾಡುತ್ತಾಳೆ, ಮಾತಿನ ನಡುವೆ ಇದ್ದಕ್ಕಿದ್ದಂತೆ ಅಮ್ಮ ಎಲ್ಲಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ಗೊಂಬೆಯ ಕಡೆ ತಿರುಗುತ್ತಾಳೆ. ಪಕ್ಕದಲ್ಲಿ ಬೇರೊಂದು ಮಗು ಅತ್ತಾಗ ಅದನ್ನೇ ದಿಟ್ಟಿಸುತ್ತಾಳೆ. ಅಮ್ಮ ನೋಡಲು ಬಂದಾಗ ಮೊದಲು ಮುಖ ತಿರುಗಿಸುತ್ತಾಳೆ. ಮನೆಗೆ ಹೊರಡುವ ದಿನ ತನ್ನ ಸಾಮಾನನ್ನೆಲ್ಲ ಒಂದೂ ಬಿಡದೆ ಕೂಡಿಸಿಕೊಂಡು ನಡೆಯುತ್ತಾಳೆ, ಆದರೆ ಅಮ್ಮ ಚಾಚಿದ ಕೈ ಹಿಡಿಯುವುದಿಲ್ಲ. ತಿಂಗಳುಗಳ ನಂತರ ಈ ಚಿತ್ರವನ್ನು ತಂದೆತಾಯಿಗೆ ತೋರಿಸುವಾಗ ಲಾರಾ ಆಕಸ್ಮಿಕವಾಗಿ ಅದನ್ನು ನೋಡಿದಳು. ಅಷ್ಟು ದಿನವೂ ನೀನು ಎಲ್ಲಿಗೆ ಹೋಗಿದ್ದೆ ಎಂದು ಅಮ್ಮನನ್ನು ಕೇಳಿ ಅತ್ತು, ಸಮಾಧಾನಕ್ಕೆ ಅಪ್ಪನ ಕಡೆ ಹೋದಳು.

1952ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಸುಮಾರು 300 ವೈದ್ಯರು, ನರ್ಸುಗಳ ಮುಂದೆ ಚಿತ್ರ ತೋರಿಸಿದಾಗ ಸಭೆ ಸಿಡಿಯಿತು. ಇದು ನಮ್ಮ ವೃತ್ತಿಗೆ ಮಾಡಿದ ಅವಮಾನ, ಮಗುವನ್ನು ಬೇಕೆಂದೇ ಹಾಗೆ ಆರಿಸಲಾಗಿದೆ, ಚಿತ್ರವನ್ನು ಹಿಂತೆಗೆದುಕೊಳ್ಳಬೇಕು ಎಂದೆಲ್ಲ ಕೂಗು ಎದ್ದಿತು. ಆಸ್ಪತ್ರೆಯಲ್ಲಿ ಕೆಟ್ಟ ನರ್ಸಿಲ್ಲ, ಕೂಗಾಟವಿಲ್ಲ, ಮಗು ಕಿರುಚುವುದೂ ಇಲ್ಲ. ಆಕ್ಷೇಪಿಸಲು ಬೊಟ್ಟು ಮಾಡಿ ತೋರಿಸುವಂಥದ್ದೇನೂ ಚಿತ್ರದಲ್ಲಿಲ್ಲ. ಬಹುಶಃ ಅದಕ್ಕೇ ಅಷ್ಟು ಚುಚ್ಚಿರಬೇಕು. ಹಾಗೆ ಸಿಟ್ಟಾದವರಲ್ಲಿ ಬಕಿಂಗ್‌ಹ್ಯಾಮ್‌ಶೈರಿನ ಮಕ್ಕಳ ವೈದ್ಯ ಡರ್ಮಾಡ್ ಮೆಕಾರ್ಥಿ ಕೂಡ ಒಬ್ಬರು. ಅವರು ತಮ್ಮ ವಾರ್ಡಿಗೆ ಮರಳಿ ಸುತ್ತ ನೋಡಿದಾಗ ಮಂಚಮಂಚದಲ್ಲೂ ಲಾರಾ ಕಾಣಿಸಿದಳು. ವರ್ಷಗಳಿಂದ ನೋಡುತ್ತಲೇ ಇದ್ದ ಮಕ್ಕಳು. ಅವರ ಆಮರ್ಶಮ್ ಆಸ್ಪತ್ರೆ ತಾಯಂದಿರಿಗೆ ಬಾಗಿಲು ತೆರೆಯಿತು. ರಾಬರ್ಟ್‌ಸನ್ನರ ಎರಡನೆಯ ಚಿತ್ರ, 1958ರದು, ಅಲ್ಲಿಯೇ ತಯಾರಾಯಿತು. ಅದರಲ್ಲಿ ಇಪ್ಪತ್ತು ತಿಂಗಳ ಸ್ಯಾಲಿ ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದಾಳೆ. ನೋವಾದಾಗ ಅಳುತ್ತಾಳೆ, ಹಟ ಮಾಡುತ್ತಾಳೆ, ಅಮ್ಮನ ಮಡಿಲಿಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ಇಳಿದು ಆಡುತ್ತಾಳೆ. ಲಾರಾಳ ಎಂಟು ದಿನದ ಮೌನಕ್ಕಿಂತ ಸ್ಯಾಲಿಯ ಅಳು ಎಷ್ಟು ಆರೋಗ್ಯಕರ ಎಂಬುದು ಎರಡೂ ಚಿತ್ರ ನೋಡಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನದು ಬೇಗ ಹೇಳಬಹುದು. 1959ರಲ್ಲಿ ಮೂಳೆ ಶಸ್ತ್ರವೈದ್ಯ ಸರ್ ಹ್ಯಾರಿ ಪ್ಲಾಟ್ ಅಧ್ಯಕ್ಷತೆಯ ಸಮಿತಿ, ಮಕ್ಕಳ ವಾರ್ಡಿನಲ್ಲಿ ಭೇಟಿಗೆ ಹೊತ್ತಿನ ನಿರ್ಬಂಧ ಬೇಡ, ಐದು ವರ್ಷದೊಳಗಿನ ಮಗುವಾದರೆ ತಾಯಿ ಜೊತೆಗಿರಲು ಅವಕಾಶ ಕೊಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಿತು. ಸರ್ಕಾರ ಒಪ್ಪಿತು, ಆಸ್ಪತ್ರೆಗಳು ಮೈಗಳ್ಳತನ ಮಾಡಿದವು. 1961ರಲ್ಲಿ ಬಿಬಿಸಿ ಟೆಲಿವಿಷನ್ನಿನಲ್ಲಿ ರಾಬರ್ಟ್‌ಸನ್ನರ ಚಿತ್ರಗಳ ತುಣುಕುಗಳು ಬಂದವು, ಅವರಿಗೆ ತಾಯಂದಿರ ಪತ್ರಗಳು ರಾಶಿಯಾಗಿ ಬಂದವು. ಲಂಡನ್ನಿನ ಬ್ಯಾಟರ್ಸೀ ಪ್ರದೇಶದ ಕೆಲವು ತಾಯಂದಿರು ಸಂಘ ಕಟ್ಟಿ, ಪ್ಲಾಟ್ ವರದಿ ಹಿಡಿದುಕೊಂಡು ಆಸ್ಪತ್ರೆಗಳ ಬಾಗಿಲು ತಟ್ಟಿದರು. ವಾರ್ಡುಗಳನ್ನು ತೆರೆಸಿದ್ದರಲ್ಲಿ ವೈದ್ಯಕೀಯ ಪತ್ರಿಕೆಗಳಿಗಿಂತ ಈ ಹೆಂಗಸರ ಪಾಲು ದೊಡ್ಡದೆಂದು ನನ್ನ ಲೆಕ್ಕ.

ಈಗ ಮಗುವಿನ ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆಗೆ ಬರೋಣ. ಮೂರು ತಿಂಗಳ ಕೂಸನ್ನು ಯಾರು ಎತ್ತಿಕೊಂಡರೂ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಒಂಬತ್ತು ತಿಂಗಳಿನದು ಗುರುತಿಲ್ಲದವರ ಕೈಗೆ ಹೋದರೆ ಚೀರುತ್ತದೆ. ನಡುವೆ ಏನೋ ಬದಲಾಗಿದೆ. ಮನೋವಿಜ್ಞಾನಿ ರುಡಾಲ್ಫ್ ಶಾಫರ್ ಮತ್ತು ಅವರ ಸಹೋದ್ಯೋಗಿ ಕ್ಯಾಲೆಂಡರ್ 1959ರಲ್ಲಿ, ಆಸ್ಪತ್ರೆಗೆ ಸೇರಿದ ಒಂದು ವರ್ಷದೊಳಗಿನ 76 ಕೂಸುಗಳ ಅಧ್ಯಯನ ಪ್ರಕಟಿಸಿದರು. ಸುಮಾರು ಏಳು ತಿಂಗಳು ಎಂಬಲ್ಲಿ ಗೆರೆ ಎಳೆದಂತೆ ವ್ಯತ್ಯಾಸವಿತ್ತು. ಅದಕ್ಕಿಂತ ಚಿಕ್ಕವು ಹೊಸ ಜಾಗವನ್ನು ಹೆಚ್ಚು ಅಳದೆ ಸಹಿಸಿಕೊಂಡವು. ದೊಡ್ಡವು ರಾಬರ್ಟ್‌ಸನ್ ಬರೆದದ್ದನ್ನೇ ಅನುಭವಿಸಿದವು. ಏಳು ತಿಂಗಳ ಹೊತ್ತಿಗೆ ಮಗು, ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಎಂದು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಕಲಿಯುತ್ತದೆ. ಇದು ಬುದ್ಧಿಯ ದೊಡ್ಡ ಜಿಗಿತ. ಆದರೆ ಇದ್ದಾಳೆ ಎಂದು ಗೊತ್ತಾಗುವುದಕ್ಕೂ, ಬರುತ್ತಾಳೆ ಎಂದು ಕಾಯಲು ಬರುವುದಕ್ಕೂ ನಡುವೆ ಎರಡು ಮೂರು ವರ್ಷಗಳಿವೆ. ನಾಳೆ, ಭಾನುವಾರ, ಇನ್ನೆರಡು ದಿನ ಎಂಬುದಕ್ಕೆಲ್ಲ ಆ ವಯಸ್ಸಿನಲ್ಲಿ ಅರ್ಥವಿಲ್ಲ. ಇಲ್ಲದಿರುವುದು ತಿಳಿಯುತ್ತದೆ, ಇಲ್ಲದಿರುವುದು ಮುಗಿಯುತ್ತದೆ ಎಂದು ತಿಳಿಯುವುದಿಲ್ಲ. ಅತ್ಯಂತ ನೋಯುವ ವಯಸ್ಸು ಇದೇ ಆಗಿರುವುದು ಹಾಗಾಗಿ.

ದೇಹದ ಲೆಕ್ಕವೂ ಒಂದಿದೆ. ಹೆದರಿದಾಗ ಮೆದುಳಿನಿಂದ ಹೊರಟ ಸಂದೇಶ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಮುಟ್ಟಿ, ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಅದು ಬೇಕು: ಸಕ್ಕರೆ ಬಿಡುಗಡೆ ಮಾಡಿ ದೇಹವನ್ನು ಸಜ್ಜುಗೊಳಿಸುತ್ತದೆ. ದಿನಗಟ್ಟಲೆ ಏರಿಯೇ ಇದ್ದರೆ ನಿದ್ದೆ, ಹಸಿವು, ರೋಗನಿರೋಧಕ ಶಕ್ತಿ ಎಲ್ಲ ಏರುಪೇರು. ಅಮೆರಿಕದ ಮಿನ್ನೆಸೋಟದಲ್ಲಿ ಮೇಗನ್ ಗನ್ನರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೂವರೆ ವರ್ಷದ ಮಕ್ಕಳ ಮುಂದೆ ಕೋಡಂಗಿ ವೇಷದವರನ್ನೂ ಯಂತ್ರದ ಗೊಂಬೆಯನ್ನೂ ತಂದು ನಿಲ್ಲಿಸಿ, ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದರು. ಅಮ್ಮ ಪಕ್ಕದಲ್ಲೇ ಇದ್ದಳು. ಅಂಜುಬುರುಕ ಮಕ್ಕಳೆಲ್ಲ ಹೆದರಿ ಹಿಂದೆ ಸರಿದರು. ಆದರೆ ಅಮ್ಮನ ಮೇಲೆ ಭರವಸೆ ಬೇರೂರಿದ್ದ ಅಂಜುಬುರುಕರಲ್ಲಿ ಕಾರ್ಟಿಸಾಲ್ ಏರಲಿಲ್ಲ. ಆ ಭರವಸೆ ಅಲುಗಾಡುತ್ತಿದ್ದವರಲ್ಲಿ ಏರಿತು. ಉಕ್ಕಿ ಬರುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಇದು: ಉರಿ ಕೆಳಗೆ ಹಾಗೇ ಇದೆ, ಹಾಲು ಪಾತ್ರೆ ಮೀರುವುದಿಲ್ಲ. ಪರಿಚಿತ ವ್ಯಕ್ತಿ ಇದ್ದರೆ ಮಗು ಅಳುವುದೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಅಳಬಹುದು. ಆ ಅಳುವಿನ ಕೆಳಗೆ ದೇಹ ತತ್ತರಿಸುತ್ತಿರುವುದಿಲ್ಲ, ಅಷ್ಟೆ.

ಹಾಗಾದರೆ ಅಮ್ಮನೇ ಆಗಬೇಕೆ? 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ಬೌಲ್ಬಿ ತಾಯಿಗೇ ಒತ್ತು ಕೊಟ್ಟರು. ಅದನ್ನು ಹಿಡಿದು ಕೆಲಸಕ್ಕೆ ಹೋಗುವ ಹೆಂಗಸರನ್ನು ಅಪರಾಧಿಗಳಂತೆ ನೋಡಿದವರು ಬೇಕಾದಷ್ಟು ಮಂದಿ. ವಿಜ್ಞಾನ ಅಲ್ಲಿಗೆ ನಿಲ್ಲಲಿಲ್ಲ. ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಗ್ಲಾಸ್ಗೋದಲ್ಲಿ 60 ಕೂಸುಗಳನ್ನು ಹಿಂಬಾಲಿಸಿ 1964ರಲ್ಲಿ ತೋರಿಸಿದ್ದು ಇದು: ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು, ಅಪ್ಪ, ಅಜ್ಜಿ, ಅಜ್ಜ, ಅಣ್ಣ ಅಕ್ಕಂದಿರನ್ನು ಹಚ್ಚಿಕೊಂಡಿರುತ್ತಾರೆ. ಯಾರು ಹೆಚ್ಚು ಹೊತ್ತು ಮನೆಯಲ್ಲಿರುತ್ತಾರೆ ಎನ್ನುವುದಕ್ಕಿಂತ ಮಗುವಿನ ಸನ್ನೆಗೆ ಯಾರು ಓಗೊಡುತ್ತಾರೆ ಎನ್ನುವುದು ಮುಖ್ಯವಾಗಿತ್ತು. ದೊಡ್ಡಮ್ಮನ ಕಂಕುಳಲ್ಲಿ ಬೆಳೆದ ನಮ್ಮವರಿಗೆ ಇದರಲ್ಲಿ ಹೊಸದೇನೂ ಕಾಣದು. ಮನೋವೈದ್ಯ ಮೈಕೆಲ್ ರಟ್ಟರ್ 1972ರಲ್ಲಿ ಬೌಲ್ಬಿಯ ವಾದವನ್ನು ಮರುಪರಿಶೀಲಿಸಿ, ಇರುವ ನಂಟು ಕಡಿಯುವುದು ಬೇರೆ, ನಂಟೇ ಬೆಳೆಯದಿರುವುದು ಬೇರೆ, ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯಬೇಡಿ ಎಂದರು.

ಅತ್ಯಂತ ಸ್ಪಷ್ಟ ಉತ್ತರ ಬಂದದ್ದು ಮತ್ತೆ ರಾಬರ್ಟ್‌ಸನ್ ದಂಪತಿಯಿಂದ. 1969ರಲ್ಲಿ ಅವರು ಜಾನ್ ಎಂಬ ಹದಿನೇಳು ತಿಂಗಳ ಮಗುವಿನ ಚಿತ್ರ ಹೊರತಂದರು. ತಾಯಿಗೆ ಎರಡನೆಯ ಹೆರಿಗೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಜಾನ್ ಒಂಬತ್ತು ದಿನ ಒಂದು ಶಿಶುಗೃಹದಲ್ಲಿದ್ದ. ಹೆಸರುವಾಸಿ ಜಾಗ, ಒಳ್ಳೆಯ ಹುಡುಗಿಯರು. ಆದರೆ ಪಾಳಿ ಬದಲಾದಂತೆ ಮುಖಗಳು ಬದಲಾಗುತ್ತಿದ್ದವು, ಇಂಥ ಮಗು ಇಂಥವರ ಪಾಲಿಗೆ ಎಂಬ ಏರ್ಪಾಡಿರಲಿಲ್ಲ. ಜಾನ್ ಒಬ್ಬೊಬ್ಬ ನರ್ಸಿನ ಹತ್ತಿರ ಹೋಗುತ್ತಾನೆ, ಅವಳು ಎತ್ತಿಕೊಳ್ಳುತ್ತಾಳೆ, ಅಷ್ಟರಲ್ಲಿ ಜೋರಾದ ಮಗುವೊಂದು ಬಂದು ಮಡಿಲು ಹಿಡಿಯುತ್ತದೆ. ಎರಡು ಮೂರು ದಿನ ಯತ್ನಿಸಿ, ತನಗಿಂತ ದೊಡ್ಡದಾದ ಕರಡಿ ಗೊಂಬೆಯೊಂದನ್ನು ಅಪ್ಪಿಕೊಂಡು ಬೀಳುತ್ತಾನೆ. ಊಟ ಬಿಡುತ್ತಾನೆ. ಒಂಬತ್ತನೆಯ ದಿನ ಅಮ್ಮ ಬಂದಾಗ ಚೀರಿ ಅವಳಿಂದ ದೂರ ಓಡುತ್ತಾನೆ.

ಜೇನ್ ಎಂಬ ಹುಡುಗಿಗೂ ಹದಿನೇಳೇ ತಿಂಗಳು. ಅವಳು ಹತ್ತು ದಿನ ಇದ್ದದ್ದು ರಾಬರ್ಟ್‌ಸನ್ನರ ಮನೆಯಲ್ಲಿ. ಜಾಯ್ಸ್ ಇಂಥ ನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. ಮಗು ಬರುವ ವಾರಗಳ ಮುಂಚೆಯೇ ತಾಯಿಮಗುವನ್ನು ಮನೆಗೆ ಕರೆಸಿ ಗುರುತು ಮಾಡಿಕೊಂಡರು. ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ, ಶೌಚಕ್ಕೆ ಏನನ್ನುತ್ತದೆ ಎಂದು ಕೇಳಿಟ್ಟುಕೊಂಡರು. ಅದರದೇ ಕಂಬಳಿ, ಅದರದೇ ಆಟಿಕೆ, ಅಮ್ಮನ ಒಂದು ಫೋಟೊ ತರಿಸಿಕೊಂಡರು. ಅಮ್ಮನ ಮಾತೆತ್ತಿದರೆ ಅಳುತ್ತದೆ ಎಂದು ಮಾತು ಮರೆಸದೆ ದಿನವೂ ಅಮ್ಮನ ಸುದ್ದಿ ಆಡಿದರು. ಮಕ್ಕಳು ಸಿಟ್ಟಾದರು, ಅತ್ತರು, ಒಮ್ಮೊಮ್ಮೆ ಜಾಯ್ಸ್ ಅವರನ್ನೇ ದೂರ ತಳ್ಳಿದರು. ಹತಾಶೆಗೆ ಯಾರೂ ಬೀಳಲಿಲ್ಲ. ಅಮ್ಮ ಬಂದಾಗ ಅವಳ ಕಡೆ ಹೋದರು. ಈ ಫಲಿತಾಂಶ ಬೌಲ್ಬಿಗೆ ಅಷ್ಟು ಹಿಡಿಸಲಿಲ್ಲ; ಹಳೆಯ ಸಂಗಾತಿಗಳ ನಡುವೆ ಬಿರುಕು ಬಿಟ್ಟಿತು.

ಜಾನ್ ಮತ್ತು ಜೇನ್ ನಡುವಿನ ವ್ಯತ್ಯಾಸ ತಾಯಿಯದಲ್ಲ, ಆ ದಿನಗಳಲ್ಲಿ ಇಬ್ಬರ ಬಳಿಯೂ ತಾಯಿ ಇರಲಿಲ್ಲ. ಒಂದು ಮಗುವಿಗೆ ಇಂಥವರು ಎಂದು ಒಬ್ಬರಿದ್ದರು, ಇನ್ನೊಂದಕ್ಕೆ ಎಲ್ಲರೂ ಇದ್ದು ಯಾರೂ ಇರಲಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ'ಗಳಿಗೂ ಪೇಟೆಯ ದುಬಾರಿ ಡೇಕೇರ್‌ಗಳಿಗೂ ಜಾನ್ ಕೇಳುವ ಪ್ರಶ್ನೆ ಒಂದೇ. ಗೋಡೆಗೆ ಬಣ್ಣದ ಚಿತ್ರ ಬರೆಸಿದ್ದೀರಿ, ಹಾಲು ಮೊಟ್ಟೆ ಕೊಡುತ್ತೀರಿ, ಸರಿ. ಈ ಮಗು ಬಿದ್ದು ಅತ್ತರೆ ಯಾರ ಕಡೆ ಓಡಬೇಕೆಂದು ಅದಕ್ಕೆ ಗೊತ್ತಿದೆಯೆ? ನೋಡಿಕೊಳ್ಳುವವರು ಸರದಿಯ ಮೇಲೆ ಬದಲಾಗುವಂತಿದ್ದರೆ, ಅವರೆಷ್ಟೇ ಒಳ್ಳೆಯವರಾದರೂ, ಅದಕ್ಕೆ ಉತ್ತರ ಸಿಗುವುದಿಲ್ಲ.

ಮನೆಗಳಲ್ಲೂ ಇದರ ಬಳಕೆ ಇದೆ. ಅಂಗನವಾಡಿಯ ಮೊದಲ ದಿನಗಳಲ್ಲಿ ಮಗು ಆಟಿಕೆ ನೋಡುತ್ತಿರುವಾಗ ಕಣ್ಣುತಪ್ಪಿಸಿ ಜಾರಿಕೊಳ್ಳುವುದು ನಮ್ಮಲ್ಲಿ ದೊಡ್ಡ ಜಾಣತನ. ಅತ್ತರೆ ಸಂಕಟ, ಅಳಿಸದೆ ಹೋದೆವಲ್ಲ ಎಂಬ ನೆಮ್ಮದಿ. ಮಗು ಅಲ್ಲಿ ಕಲಿಯುವುದು ಬೇರೆಯೇ: ನಾನು ಕಣ್ಣು ಆಚೆ ಮಾಡಿದರೆ ಅಮ್ಮ ಮಾಯವಾಗುತ್ತಾಳೆ. ಮಾರನೆಯ ದಿನದಿಂದ ಸೆರಗು ಬಿಡುವುದಿಲ್ಲ. ಹೇಳಿ ಹೋಗುವುದೇ ಲೇಸು. ಹೇಳುವುದೂ ಗಡಿಯಾರದ ಲೆಕ್ಕದಲ್ಲಲ್ಲ. ನಾಲ್ಕು ಗಂಟೆಗೆ ಎಂದರೆ ಮೂರು ವರ್ಷಕ್ಕೆ ಅರ್ಥವಾಗದು, ಊಟ ಮಾಡಿ ಮಲಗಿ ಎದ್ದ ಮೇಲೆ ಎಂದರೆ ಆಗುತ್ತದೆ. ಹೇಳಿದ ಹೊತ್ತಿಗೆ ಬರಬೇಕು, ಅದು ಷರತ್ತು. ಇನ್ನೊಂದು ರೂಢಿಗೆ ನನಗೆ ಕ್ಷಮೆಯೇ ಇಲ್ಲ: ಉಣ್ಣದಿದ್ದರೆ ಡಾಕ್ಟರ ಹತ್ತಿರ ಸೂಜಿ ಹಾಕಿಸುತ್ತೇನೆ, ಹಟ ಮಾಡಿದರೆ ಗುಮ್ಮನಿಗೆ ಕೊಟ್ಟುಬಿಡುತ್ತೇನೆ. ಮಗುವಿಗೆ ನಿಜವಾಗಿ ಜ್ವರ ಬಂದು ಅದೇ ಡಾಕ್ಟರ ಮುಂದೆ ಕೂರಿಸುವ ದಿನ ಆ ಮಾತಿನ ಬೆಲೆ ತೆರಬೇಕಾಗುತ್ತದೆ. ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ನೋಯುವುದೇ ಇಲ್ಲ ಎಂಬ ಸುಳ್ಳು ಬೇಡ. ಸ್ವಲ್ಪ ನೋಯುತ್ತದೆ, ನಾನು ಇಲ್ಲೇ ಇರುತ್ತೇನೆ ಎಂದರೆ ಸಾಕು. ಊರಿಗೆ ಹೋಗಿ ವಾರದ ಮೇಲೆ ಬಂದ ಅಮ್ಮನನ್ನು ಕಂಡು ಮಗು ಮುಖ ತಿರುಗಿಸಿದರೆ ಅದು ಮರೆತದ್ದಲ್ಲ, ನೆನಪಿಟ್ಟುಕೊಂಡದ್ದು. ಕೆಲವು ದಿನ ಅಂಟಿಕೊಂಡೇ ಇರುತ್ತದೆ. ಇರಲಿ ಬಿಡಿ.

ನಮ್ಮ ಆಸ್ಪತ್ರೆಗಳಲ್ಲಿ ಲಂಡನ್ನಿನ ಸಮಸ್ಯೆ ಆ ರೂಪದಲ್ಲಿ ಬರಲಿಲ್ಲ. ಮಕ್ಕಳ ವಾರ್ಡಿನ ಮಂಚದ ಮೇಲೆ ತಾಯಿಮಗು ಇಬ್ಬರೂ ಮುದುಡಿ ಮಲಗಿರುವುದು, ಕೆಳಗೆ ಚಾಪೆಯ ಮೇಲೆ ಅಜ್ಜಿ, ಕಿಟಕಿಯಲ್ಲಿ ಗಂಜಿಯ ಡಬ್ಬಿ: ಇದು ನಮ್ಮ ಸಾಮಾನ್ಯ ದೃಶ್ಯ. ಸಿಬ್ಬಂದಿ ಸಾಲದ್ದಕ್ಕೆ ಹುಟ್ಟಿದ ವ್ಯವಸ್ಥೆಯಾದರೂ ಮಗುವಿಗೆ ಒಳ್ಳೆಯದೇ ಆಯಿತು. ಆದರೆ ಬೇರೊಂದು ಬಾಗಿಲು ನಮ್ಮಲ್ಲೂ ಮುಚ್ಚಿಕೊಂಡಿತು, ನವಜಾತ ಶಿಶುಗಳ ಐಸಿಯುವಿನದು. ಬಾಣಂತಿಯನ್ನೂ ಕೂಸನ್ನೂ ಒಂದೇ ಬೆಚ್ಚನೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಕಾಯ್ದಿಡುತ್ತಿದ್ದ ಊರುಗಳಲ್ಲೇ, ತೂಕ ಕಡಿಮೆಯಾಗಿ ಹುಟ್ಟಿದ ಕೂಸು ಗಾಜಿನ ಆಚೆ, ಹಸಿಬಾಣಂತಿ ವರಾಂಡದ ಬೆಂಚಿನ ಮೇಲೆ.

ಈ ಬಾಗಿಲು ತೆರೆದದ್ದು ಬಡತನ. ಕೊಲಂಬಿಯಾದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರುಗಳು ಸಾಲದೆ ಒಂದರಲ್ಲೇ ಎರಡು ಮೂರು ಕೂಸುಗಳನ್ನು ಮಲಗಿಸುತ್ತಿದ್ದರು, ಸೋಂಕು ಹರಡುತ್ತಿತ್ತು. ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಈಗ ಹೆಸರಾದದ್ದು ಇದು. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆ ಇದಕ್ಕೆ ದೊಡ್ಡ ಪರೀಕ್ಷಾಕಣವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತ ಮತ್ತು ಇಥಿಯೋಪಿಯಾಗಳಲ್ಲಿ ನಡೆದ ಅಧ್ಯಯನದ ಒಂದು ಕೇಂದ್ರ ಅದು. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ದಿನಕ್ಕೆ ಕನಿಷ್ಠ ಎಂಟು ಗಂಟೆ ಎದೆಗಪ್ಪಿನ ಆರೈಕೆಯನ್ನು ಒಂದು ಇಡೀ ಜಿಲ್ಲೆಯ ಮಟ್ಟದಲ್ಲಿ ಮುಟ್ಟಿಸಬಹುದೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. 2021ರಲ್ಲಿ ಪ್ರಕಟವಾದ ಫಲಿತಾಂಶ, ಮುಟ್ಟಿಸಬಹುದು ಎಂದಿತು.

ಅದೇ ವರ್ಷ ಇನ್ನೂ ದೊಡ್ಡ ಸುದ್ದಿ ಬಂತು. ಆವರೆಗೆ ಕೂಸಿನ ಸ್ಥಿತಿ ಸ್ಥಿರವಾದ ಮೇಲಷ್ಟೇ ಕಾಂಗರೂ ಆರೈಕೆ ಎಂಬ ನಿಯಮವಿತ್ತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ, ದಿಲ್ಲಿಯ ಸಫ್ದರ್‌ಜಂಗ್ ಅವುಗಳಲ್ಲೊಂದು, ಒಂದರಿಂದ 1.8 ಕಿಲೋ ತೂಕದ 3,211 ಕೂಸುಗಳ ಮೇಲೆ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಸ್ಥಿರವಾಗಲು ಕಾಯದೆ, ಹುಟ್ಟಿದ ಕೂಡಲೇ ಐಸಿಯುವಿನ ಒಳಗೇ ಶುರು. ಈ ಕೂಸುಗಳು ಐಸಿಯುವಿನಲ್ಲಿ ದಿನಕ್ಕೆ ಸರಾಸರಿ 17 ಗಂಟೆ ಎದೆಯ ಮೇಲಿದ್ದವು. 28 ದಿನದೊಳಗೆ ಅವುಗಳಲ್ಲಿ ಸತ್ತದ್ದು ನೂರಕ್ಕೆ 12. ಹಳೆಯ ಕ್ರಮದ ಗುಂಪಿನಲ್ಲಿ 15.7. ವ್ಯತ್ಯಾಸ ಎಷ್ಟು ನಿಚ್ಚಳವಾಗಿತ್ತೆಂದರೆ, ಉಳಿದ ಕೂಸುಗಳಿಗೆ ಇದನ್ನು ತಪ್ಪಿಸುವುದು ಸರಿಯಲ್ಲವೆಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿ ಬದಲಿಸಿತು.

ಇನ್ನು ಉಳಿದಿರುವ ತೊಡಕು ಸಿದ್ಧಾಂತದ್ದಲ್ಲ. ಐಸಿಯುವಿನಲ್ಲಿ ತಾಯಿಗೆ ಮಂಚ ಎಲ್ಲಿ ಹಾಕುವುದು, ಅವಳ ಊಟ ಯಾವ ವಿಭಾಗದ ಲೆಕ್ಕಕ್ಕೆ ಬರುತ್ತದೆ, ಶೌಚಾಲಯ ಎಷ್ಟು ದೂರ, ಅವಳು ಸ್ನಾನಕ್ಕೆ ಹೋದಾಗ ಕೂಸನ್ನು ಎದೆಗೆ ಕಟ್ಟಿಕೊಳ್ಳಲು ಅತ್ತೆಯನ್ನೋ ಗಂಡನನ್ನೋ ಒಳಗೆ ಬಿಡುತ್ತಾರೆಯೇ, ಸಿಸೇರಿಯನ್ ಆದವಳ ಹೊಲಿಗೆ ಯಾರು ನೋಡಬೇಕು. ಪ್ರಯೋಗ ನಡೆದ ಆಸ್ಪತ್ರೆಗಳಲ್ಲಿ ತಾಯಂದಿರ ಮಂಚಗಳನ್ನು ಐಸಿಯುವಿನ ಒಳಗೇ ತಂದು ಹಾಕಿದರು. ಕೂಸುಗಳನ್ನು ನೋಡಿಕೊಳ್ಳುವ ನರ್ಸುಗಳಿಗೆ ಬಾಣಂತಿಯರ ಆರೈಕೆಯನ್ನೂ ಕಲಿಸಿದರು, ಹೆರಿಗೆ ವಿಭಾಗದ ಡಾಕ್ಟರುಗಳು ಅದೇ ಕೋಣೆಗೆ ರೌಂಡ್ಸ್ ಬರತೊಡಗಿದರು.